ಎಚ್ಚರದ ಮೂಲೆ

ಮಣಿಪಾಲ
ಆಗಸ್ಟ್ ೧೨

ಪ್ರಿಯ ರೂಪೇಶ್,

ಮಲಗಿದ್ದೀಯೋ ಸತ್ತಿದ್ದೀಯೋ ಗೊತ್ತೇ ಆಗುವುದಿಲ್ಲ ಮಾರಾಯ್ತಿ ಎಂದಿದ್ದಿರಲ್ಲ, ಅದು ನೀವು ಮನೆ ಬಿಟ್ಟು ಕಾಪುವಿಗೆ ಹೊರಟ ದಿನವೋ ಅದಕ್ಕೂ ಮೊದಲೋ ಈಗ ನೆನಪಿಲ್ಲ. ಮಾತು ಮಾತ್ರ ಉಳಿದಿದೆ. ಈ ವಾರ ಆಫೀಸಿನಲ್ಲಿ ಒಂದು ಪ್ರೊಸೆಸರಿನ ಮುಂದೆ ಕೂತು ನಾನೂ ಅದನ್ನೇ ಕೇಳುತ್ತಿದ್ದೆ.

ದೋಣಿಯವರು ಅಪಾಯದಲ್ಲಿ ಒತ್ತುವ ಪುಟ್ಟ ಪೆಟ್ಟಿಗೆಯ ಬಗ್ಗೆ ಒಮ್ಮೆ ಹೇಳಿದ್ದೆ. ಗುಂಡಿ ಒತ್ತಿದರೆ ದಡಕ್ಕೆ ಸುದ್ದಿ ಹೋಗಬೇಕು. ಉಳಿದಂತೆ, ವರ್ಷಗಟ್ಟಲೆ, ಅದರೊಳಗಿನ ಪ್ರೊಸೆಸರ್ ಬ್ಯಾಟರಿ ಉಳಿಸುತ್ತ ಮಲಗಿರಬೇಕು. ಯಾವ ಭಾಗಕ್ಕೆ ಯಾವಾಗ ಕರೆಂಟು ನಿಲ್ಲಿಸುವುದೆಂದು ತೀರ್ಮಾನಿಸುವುದು ನನ್ನ ಕೆಲಸ. ಒಂದೊಂದೇ ಭಾಗಕ್ಕೆ ಕರೆಂಟು ತಪ್ಪಿಸುತ್ತ ಹೋದೆ. ಮೀಟರು ಹೆಚ್ಚುಕಡಿಮೆ ಸೊನ್ನೆ ತೋರಿಸಿತು. ನಮ್ಮ ಮೇಲಿನವರು ಎಡ್ವಿನ್ ಸರ್ ನೋಡಿ, ಎಂತ ನಿದ್ದೆ ಮಾರಾಯ್ರೆ ಇದು, ಎಲ್ಲರೂ ಹೀಗೆ ಮಲಗಿದರೆ ಪಡುಬಿದ್ರಿಯ ಕರೆಂಟು ಫ್ಯಾಕ್ಟರಿಗೆ ಬೀಗವೇ ಎಂದರು. ಎಲ್ಲರೂ ನಕ್ಕರು. ಆಮೇಲೆ ಗುಂಡಿ ಒತ್ತಿದೆವು. ಅದು ಏಳಲಿಲ್ಲ. ಮತ್ತೆ ಒತ್ತಿದೆವು.

ಗುಂಡಿಯ ಕರೆಗೆ ಕಿವಿಗೊಟ್ಟು ಕೂತಿರುವ ಒಂದು ಚಿಕ್ಕ ಮೂಲೆ ಅದರೊಳಗೆ ಉಂಟು. ಮಿಕ್ಕದ್ದೆಲ್ಲ ಮಲಗಿದರೂ ಅದಕ್ಕೆ ಕರೆಂಟು ಇರಲೇಬೇಕು. ಉಳಿದವನ್ನು ಎಬ್ಬಿಸುವುದು ಅದೇ. ಉಳಿತಾಯದ ಭರದಲ್ಲಿ ಅದನ್ನೂ ಮಲಗಿಸಿಬಿಟ್ಟಿದ್ದೆ. ಎಡ್ವಿನ್ ಸರ್ ಬೈಯಲಿಲ್ಲ. ಪುಣ್ಯಕ್ಕೆ ಇನ್ನೂ ದೋಣಿ ಹತ್ತಿಲ್ಲ ಅಲ್ವಾ ಎಂದು ಚಹಾ ತರಿಸಿದರು.

ನಮ್ಮ ಮನೆಯಲ್ಲೂ ಜಗಳವೇನೂ ಆಗಲಿಲ್ಲ. ನೀವು ಬಂದರಿನಿಂದ ದಣಿದು ಬರುತ್ತಿದ್ದಿರಿ, ನಾನು ಆಫೀಸಿನಿಂದ. ಮಾತಿನಲ್ಲೂ ಉಳಿತಾಯ ಮಾಡಿದೆವು. ಮೊದಲು ಊಟದ ಹೊತ್ತಿನದು, ಆಮೇಲೆ ಬಾಗಿಲು ತೆರೆಯುವಾಗಿನದು. ಅದನ್ನು ನಾನು ನೆಮ್ಮದಿ ಎಂದುಕೊಂಡಿದ್ದೆ.

ಭಾನುವಾರ ಟೆಂಪೋ ತಂದು ಉಳಿದ ಸಾಮಾನು ಒಯ್ಯುತ್ತೀರಿ, ಆಮೇಲೆ ಕಾರ್ಕಳದ ವಕೀಲರಲ್ಲಿಗೆ ಇಬ್ಬರೂ ಹೋಗುವುದು ಎಂದು ನಿಮ್ಮ ತಮ್ಮ ರೋಶನ್ ಬಂದು ಹೇಳಿದ. ಅಣ್ಣನಿಗೆ ಫೋನ್ ಇಲ್ವಾ ಅತ್ತಿಗೆ, ನಾನೆಂತ ಪೋಸ್ಟ್‌ಮ್ಯಾನಾ ಎಂದು ಬೇಜಾರು ಮಾಡಿಕೊಂಡ. ಸರಿ, ಬನ್ನಿ. ಬಟ್ಟೆಗಳನ್ನು ಮಡಚಿಟ್ಟಿದ್ದೇನೆ. ಬಲೆಯ ಚೀಲ ಬಾಲ್ಕನಿಯಲ್ಲಿದೆ. ಮಧ್ಯಾಹ್ನದ ಮೇಲಾದರೆ ನಾನು ಇರುತ್ತೇನೆ.

ಶರ್ಮಿಳಾ

ತಾ.ಕ.: ನನ್ನ ಫೋನು ಯಾವಾಗಲೂ ಸೈಲೆಂಟಿನಲ್ಲಿರುತ್ತದೆ, ನಿಮಗೆ ಗೊತ್ತು. ಗೊತ್ತಿಲ್ಲದ್ದೆಂದರೆ, ಒಂದು ನಂಬರಿಗೆ ಮಾತ್ರ ಅದು ರಿಂಗಾಗುತ್ತದೆ. ನೀವು ಹೊರಟ ದಿನ ಹಾಗೆ ಮಾಡಿಟ್ಟದ್ದು, ಇನ್ನೂ ತೆಗೆದಿಲ್ಲ. ಭಾನುವಾರ ಬನ್ನಿ. ಟೆಂಪೋ ತರಲೇಬೇಕಾ?