ಬಿಳಿ ಗೀಟಿನ ಪತಂಗ

7 ಜುಲೈ, ಬೆಳಿಗ್ಗೆ

ಕಾಫಿ ಆಯಿತು. ಪೇಪರ್ ಬಿಡಿಸಲಿಲ್ಲ. ಹೆಂಡತಿ ಮೀನಾ ಗೋಡೆಯ ಮುಂದೆ ಕುಳಿತಿದ್ದಾಳೆ. ಮಗ ಶರಣನ ಫೋಟೋ ಪಕ್ಕದಲ್ಲಿ ಒಂದು ಪತಂಗ.

ಪತಂಗದ ಕಥೆ ಮೊದಲು ಹೇಳಿದ್ದು ನಮ್ಮವ್ವ ಹನುಮಕ್ಕ, ಶರಣನ ತಿಥಿಯ ಸಂಜೆ. "ಓಡಿಸ್ಬೇಡ ಕಣವ್ವ ಮೀನಾ. ಹೋದವರು ದೀಪದ ಹುಳ ಆಗಿ ಮನೆ ನೋಡಕ್ಕೆ ಬತ್ತಾರೆ. ನಿಮ್ಮ ಮಾವನೂ ಬಂದಿದ್ದ. ಮೂಲೆ ಬಿಟ್ಟು ಅಲ್ಲಾಡ್ಲಿಲ್ಲ. ಬದುಕಿದ್ದಾಗ್ಲೂ ಹಂಗೇ."

ಯಾರೋ ನಕ್ಕರು. ಮೀನಾ ಎದ್ದು ಅನ್ನ ಬಡಿಸಿಕೊಂಡಳು. ಶರಣನನ್ನು ಆಸ್ಪತ್ರೆಯಿಂದ ತಂದ ಮೇಲೆ ಮೊದಲ ಸಲ.

9 ಜುಲೈ

ಗೋಡೆಯ ಮೇಲೆ ಪತಂಗವಿದ್ದರೆ ಮೀನಾ ತಿನ್ನುತ್ತಾಳೆ. ಇಲ್ಲದಿದ್ದರೆ ಕಾಯುತ್ತಾಳೆ. ಕಿಟಕಿ ಮುಚ್ಚುವಂತಿಲ್ಲ. ಆಚೆ ಅತ್ತಿಮರ... ಬಸವನಗುಡಿಯ ಸೊಳ್ಳೆಯೆಲ್ಲ ಒಳಗೆ. ಅವ್ವನೂ ಊರಿಗೆ ಹೋಗಿಲ್ಲ.

ನನಗೇನೂ ಅನ್ನಿಸುತ್ತಿಲ್ಲ. ಶೇವ್ ಮಾಡಿಕೊಂಡೆ.

12 ಜುಲೈ

ಇವತ್ತಿನದು ಬೇರೆ.

ಕಂದು ರೆಕ್ಕೆ, ಕಿತ್ತಳೆ ಮೈ — ಎಲ್ಲ ಒಂದೇ. ಎರಡು ಜಾತಿಯೂ ಅತ್ತಿ ಎಲೆ ತಿಂದೇ ಬೆಳೆಯುವವು. ಮೊದಲಿನದಕ್ಕೆ ರೆಕ್ಕೆಯ ನಡುವೆ ಬಿಳಿ ಚುಕ್ಕಿ ಮಾತ್ರ. ಇದಕ್ಕೆ ರೆಕ್ಕೆಯ ಬುಡದಿಂದ ಚುಕ್ಕಿಯವರೆಗೆ ಬಿಳಿ ಗೀಟು. ಹೇಳಿಕೊಟ್ಟವನು ಶರಣನೇ. ಪತಂಗ ಬಂದು ಕೂರಲೆಂದು ಟೆರೇಸ್ ಮೇಲೆ ನನ್ನ ಪಂಚೆ ಕಟ್ಟಿ, ಬಲ್ಬ್ ಹಾಕಿ... "ಅಪ್ಪಾ, ಚುಕ್ಕಿ ನೋಡಿ ಮೋಸ ಹೋಗ್ಬೇಡ. ಗೀಟು ನೋಡು."

"ಅದೇ ಅಲ್ವೇನ್ರೀ?" ಅಂದಳು ಮೀನಾ.

"ಅದೇ."

ಎರಡು ಇಡ್ಲಿ ತಿಂದಳು.

18 ಜುಲೈ, ಸಂಜೆ

ತಟ್ಟೆ ಮುಂದಿಟ್ಟುಕೊಂಡು ಮೀನಾ ಮತ್ತೆ ಕೇಳಿದಳು. ಅವ್ವ ಎದುರಿಗೇ ಇದ್ದಳು.

"ಅವನು ನಿಮಗೆ ಕಲಿಸಿದ್ದನಲ್ಲ. ಸರಿಯಾಗಿ ನೋಡಿ ಹೇಳಿ."

ನೋಡಿದೆ. ಗೀಟು ಇತ್ತು. ಅದೇ ಅಂದರೆ ಊಟ ಮಾಡುತ್ತಾಳೆ. ಅಲ್ಲ ಅಂದರೆ... ಅವನು ಕಲಿಸಿದ್ದನ್ನು ಅವನ ಫೋಟೋ ಮುಂದೆ ಇನ್ನೊಮ್ಮೆ ತಪ್ಪು ಹೇಳಲು ನಾಲಿಗೆ ಹೊರಳಲಿಲ್ಲ.

"ಬೇರೆ ಕಣೇ. ಮೊದಲಿನದು ಹೋಗಿ ವಾರ ಆಯ್ತು."

"ನಿನ್ ಬಾಯಿಗೆ ಮಣ್ಣಾಕ," ಅಂದಳು ಅವ್ವ. "ಉಣ್ಣೋ ಹೊತ್ನಲ್ಲಿ."

ಮೀನಾ ತಟ್ಟೆ ಸರಿಸಲಿಲ್ಲ. ತಿನ್ನಲೂ ಇಲ್ಲ. "ಮರ್ತಿಲ್ಲ ನೀವು," ಅಂದಳು. ಅಷ್ಟೇ.

19 ಜುಲೈ, ಬೆಳಿಗ್ಗೆ

ಅವ್ವ ಬ್ಯಾಗು ತುಂಬಿಕೊಂಡು ಊರಿನ ಬಸ್ಸಿಗೆಂದು ಕಲಾಸಿಪಾಳ್ಯಕ್ಕೆ ಆಟೋ ಹತ್ತಿದಳು. ನನ್ನ ಜೊತೆ ಮಾತಿಲ್ಲ.

ಗೋಡೆ ಖಾಲಿ. ಮೀನಾ ಉಪ್ಪಿಟ್ಟು ಮಾಡಿದಳು. ನನಗೆ ಹಾಕಿದಳು, ತಾನೂ ಹಾಕಿಕೊಂಡಳು. ತಿಂದಳು.

ಈಗ ಕಿಟಕಿಯ ಹತ್ತಿರ ನಿಂತು ಕೂಗುತ್ತಿದ್ದಾಳೆ — "ರೀ, ಇಲ್ಲೊಂದು ಕೂತಿದೆ. ಕನ್ನಡಕ ತಗೊಂಡ್ ಬನ್ನಿ. ಗೀಟು ಎಲ್ಲಿಂದ ನೋಡ್ಬೇಕು ನನಗೂ ತೋರಿಸಿ."

ಏಳಬೇಕು. ಅದು ಹಾರಿಹೋಗುವ ಮೊದಲು...