ಪಾದ ಮೊದಲು ಬರುವ ಗಾಡಿ

ನಿಪ್ಪಾಣಿ
ತಾ. 17-11-1991

ತಂಗಿ ಕಸ್ತೂರೆವ್ವಗೆ,

ನಿನ್ನ ಅಣ್ಣ ಕಾಡಸಿದ್ದ ನೆನೆಸಿಕೊಂಡು ಬರೆಯುವುದು. ನಾನು ಇಲ್ಲಿ ಆರಾಮ ಇದ್ದೇನೆ. ತೆಲಸಂಗದಲ್ಲಿ ನೀನು, ನಿನ್ನ ಮನೆಯವರು, ಕೂಸು ಆರಾಮ ಇದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಎರಡೂ ಪತ್ರ ಮುಟ್ಟಿದವು. ನಾನೂ ಎರಡು ಸಲ ಇನ್‌ಲ್ಯಾಂಡ್ ಪತ್ರ ತಂದೆ. ಒಂದರ ಮೇಲೆ ಗ್ರೀಸ್ ಬಿತ್ತು, ಇನ್ನೊಂದನ್ನು ಬರೆದು ನಾನೇ ಹರಿದೆ. ಸಿಟ್ಟಾಗಬೇಡ.

ಇಲ್ಲಿ ಸೈಕಲ್ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಹತ್ತನೇ ಇಯತ್ತೆ ಆದ ಮೇಲೆ ಇದು ನಾಲ್ಕನೇ ಕೆಲಸ. ನಗು, ನಕ್ಕುಬಿಡು.

ತವರಿಗೆಂದು ಕರೋಶಿಗೆ ಹೋಗಿ ಬಂದು ನೀನು ಬರೆದದ್ದು ಬಾಯಿಪಾಠ ಆಗಿದೆ. "ಅಪ್ಪಾ ಹಾಲಿನ ಕ್ಯಾನ್ ಹೊತ್ಕೊಂಡ ನಡಕೋತ ಡೇರಿಗಿ ಹೊಂಟಾನ. ನೀ ಮಾಡಿದ ಗಾಡಿ ಮ್ಯಾಲ ಕೋಳಿ ಕುಂತಾವ. ಯಾಕಣ್ಣಾ?"

ಅಪ್ಪ ಸೈಕಲ್ ಮೇಲಿಂದ ಕ್ಯಾನಿನ ಸಮೇತ ಬಿದ್ದು ಬೆನ್ನು ಕೆಡಿಸಿಕೊಂಡದ್ದು ನಿನಗೆ ಗೊತ್ತು. ಬಗ್ಗಿದರೆ ಜೀವ ಹೋಗುವಷ್ಟು ನೋವು. ಒರಗಿ ಕೂತರೆ ಏನೂ ಇಲ್ಲ, ಕಾಲಂತೂ ಗಟ್ಟಿ. ಒರಗಿ ಕೂತು ತುಳಿಯುವ ಮೂರು ಗಾಲಿಯ ಗಾಡಿಯ ಚಿತ್ರವನ್ನು ಗುಜರಿಯ ಹರಕು ಪುಸ್ತಕದಲ್ಲಿ ನೋಡಿದ್ದೆ. ಮೂರು ಹಳೆ ಸೈಕಲ್ ಕಡಿದೆ. ಮುಂದೆ ಎರಡು ಗಾಲಿ, ಹಿಂದೆ ಒಂದು, ಪೆಡಲ್ ಎಲ್ಲಕ್ಕಿಂತ ಮುಂದೆ, ಹ್ಯಾಂಡಲ್ ಸೊಂಟದ ಎರಡೂ ಬದಿಗೆ. ಮೂರು ಚೈನು ಸೇರಿಸಿ ಒಂದು ಮಾಡಿದೆ. ಅವ್ವ ಮಂಚದ ನವಾರ ಪಟ್ಟಿ ಬಿಚ್ಚಿ ಸೀಟು ಹೆಣೆದಳು. ಅಪ್ಪ ಅಂಗಳದಲ್ಲೇ ಎರಡು ಸುತ್ತು ಹೊಡೆದು, "ಏ ಕಾಡ್ಯಾ, ಬೆನ್ನ ಐತೋ ಇಲ್ಲೋ ತಿಳೀವಲ್ದಲೇ!" ಎಂದು ನಕ್ಕ. ಅವನು ಹಾಗೆ ನಕ್ಕು ವರ್ಷವಾಗಿತ್ತು.

ಮರುದಿನ ಮುಂಜಾನೆ ಸೀಟಿನ ಹಿಂದೆ ಹಾಲಿನ ಕ್ಯಾನ್ ಕಟ್ಟಿಕೊಂಡು ಡೇರಿಗೆ ಹೊರಟ. ನಾನು ಹಿಂದೆ ನಡೆದೆ. ಚೈನು, ಬ್ರೇಕು ಎಲ್ಲ ವಿಚಾರ ಮಾಡಿದ್ದೆ ತಂಗಿ, ಒಂದನ್ನು ಮಾಡಿರಲಿಲ್ಲ. ಆ ಗಾಡಿಯಲ್ಲಿ ಮನುಷ್ಯನಿಗಿಂತ ಮೊದಲು ಅವನ ಪಾದ ಬರುತ್ತದೆ. ಹಿರಿಯರ ಮುಂದೆ ಕಾಲು ಚಾಚಿದರೆ ನಮ್ಮ ಮೊಣಕಾಲಿಗೆ ಹೊಡೆಯುತ್ತಿದ್ದ ಅಪ್ಪ, ಗುಡಿಕಟ್ಟೆಯ ಹಿರಿಯರೆದುರು ಎರಡೂ ಅಂಗಾಲು ಎತ್ತಿಕೊಂಡು ಬಂದ.

ವಿರುಪಾಕ್ಷಪ್ಪಜ್ಜ ಎದ್ದು ನಿಂತ. "ಏನ ಲಗಮಣ್ಣಾ, ಅಷ್ಟ ದೊಡ್ಡಾಂವ ಆಗಿಯೇನ? ನಮಗೆಲ್ಲಾ ಕಾಲ ತೋರಸ್ಕೋತ ಹೊಂಟಿ?"

ಅಲ್ಲೇ ಕೂತಿದ್ದ ಡೇರಿಯ ಅಣ್ಣಾಸಾಬ ಬಿಡುತ್ತಾನೆಯೇ? "ಅಜ್ಜಾರ, ನಮಸ್ಕಾರ ಮಾಡ್ಕೋರಿ. ಪಾದ ತಾವ ಕಟ್ಟೀತನಕ ಬಂದಾವ."

ಕಟ್ಟೆಯೆಲ್ಲ ನಕ್ಕಿತು. ಅಪ್ಪ ಗಾಬರಿಯಿಂದ ಕೈ ಮುಗಿಯಲು ಹೋಗಿ ಹ್ಯಾಂಡಲ್ ಬಿಟ್ಟ. ಗಾಡಿ ಕಟ್ಟೆಗೆ ಬಡಿದು ಹಾಲೆಲ್ಲ ಚೆಲ್ಲಿತು. ಇಳಿದು ಚಪ್ಪಲಿ ಬಿಟ್ಟು, ಒಬ್ಬೊಬ್ಬರ ಕಾಲು ಮುಟ್ಟಿದ. ಬಗ್ಗಿ ಬಗ್ಗಿ ಮುಟ್ಟಿದ, ಅದೇ ಬೆನ್ನಿನಲ್ಲಿ.

ಅವತ್ತಿನಿಂದ ಅವನು ಗಾಡಿ ಮುಟ್ಟಿಲ್ಲ. ಮೂರನೇ ದಿನ ನಾನು ಊರು ಬಿಟ್ಟೆ.

ಇಲ್ಲಿ ಪೆಡಲ್ ಮುಂದೆ ಕಟ್ಟುವ ತಗಡಿನ ಮರೆ ಮಾಡಿಟ್ಟಿದ್ದೇನೆ. ಅದನ್ನು ಕಟ್ಟಿದರೆ ಪಾದ ಕಾಣುವುದಿಲ್ಲ. ಕರೋಶಿ ದೂರವೇನಲ್ಲ, ಬಸ್ ಹತ್ತುವ ಧೈರ್ಯವಿಲ್ಲ. ನೀನೇ ಬಂದು ಒಯ್ದು ಅಪ್ಪನಿಗೆ ಕೊಡುತ್ತೀಯಾ? ನಾನು ಮಾಡಿದ್ದು ಎನ್ನಬೇಡ.

ಕೂಸಿಗೆ ಮಾಮಾನ ಮುದ್ದು. ಅದರ ಕಾಲು ಗಟ್ಟಿಯಾಗಲಿ, ನಿನ್ನ ಮನೆ ತುಂಬಿರಲಿ.

ನಿನ್ನ ಅಣ್ಣ,
ಕಾಡಸಿದ್ದ

ತಾ.ಕ.: ಅಂಟಿಸುವ ಮೊದಲು ಇದನ್ನೂ ಬರೆಯುತ್ತೇನೆ. ಹೋದ ಸಲ ಬರೆದ ಪತ್ರ ಹರಿದದ್ದು ಇದಕ್ಕೇ. ಎಲ್ಲರೂ ನಗುವಾಗ ಅಣ್ಣಾಸಾಬ ನನ್ನ ಕಡೆ ತಿರುಗಿ, "ಈ ಶ್ಯಾಣ್ಯಾತನಾ ಯಾರದಲೇ, ನಿಂದೇನ?" ಎಂದ. ನಾನೂ ಅವರ ಜೊತೆ ನಕ್ಕೆ. "ನಂದಲ್ರಿ. ನಾ ಬ್ಯಾಡ ಅಂದ್ರೂ ಅಪ್ಪಾನ ಹಟಾ ಹಿಡದ ಮಾಡಸ್ಕೊಂಡಾನ್ರಿ" ಎಂದೆ. ಹಾಲಿನಲ್ಲಿ ನಿಂತಿದ್ದ ಅಪ್ಪ ಕೇಳಿಸಿಕೊಂಡ. ನನ್ನ ಮುಖ ನೋಡಲಿಲ್ಲ. "ಹೌದ್ರಿ, ನಂದ ಹುಚ್ಚ. ಹುಡುಗಂದೇನೂ ತಪ್ಪಿಲ್ರಿ" ಎಂದ. ಆಮೇಲೆಯೇ ಅವನು ಕಾಲು ಮುಟ್ಟಲು ಬಗ್ಗಿದ್ದು.