ಎಡಗಡೆಯ ಜೇಬು

ಮಿಸ್ ಅವರಿಗೆ ನಮಸ್ಕಾರಗಳು.

ಮೂರನೇ ಬೆಂಚಿನಲ್ಲಿ ಕೂರುವ ನಿಮ್ಮ ‘ಪಿಟೀಲು ರಾಣಿ’ಯ ತಾಯಿ ಬರೆಯುತ್ತಿದ್ದೇನೆ. ಬಲಗೈಯಲ್ಲಿ ಬರೆಯುವಾಗ ಎಡಗೈ ಬೆರಳು ಕುಣಿಸಿ ಪಕ್ಕದವರನ್ನು ನಗಿಸುತ್ತಾಳೆಂದು ನೀವು ದೂರಿದ್ದಿರಿ. ನನ್ನದು ಟೈಲರ್ ತಲೆ, ಹೊಳೆದದ್ದು ಹೊಲಿಗೆಯೇ. ಯೂನಿಫಾರ್ಮಿನ ಲಂಗಕ್ಕೆ ಎಡಗಡೆ ಆಳವಾದ ಜೇಬು ಹೊಲಿದು, “ಬರೆಯೋವಾಗ ಆ ಕೈ ಇದರೊಳಗೇ ಇರ್ಬೇಕು, ಹೊರಗೆ ಬಂದ್ರೆ ನೋಡು” ಅಂದಿದ್ದೆ. “ಈಗ ಚಿನ್ನದಂಥ ಹುಡುಗಿ” ಎಂದು ನೀವೂ ಮೆಚ್ಚಿಕೊಂಡಿರಿ.

ಅಕ್ಷರ ಮಾತ್ರ ಇನ್ನೂ ವಕ್ರವೇ. ಅದಕ್ಕೇ ನೀವು ಸೂಚಿಸಿದ ಮಕ್ಕಳ ಡಾಕ್ಟರ ಹತ್ತಿರ ನಿನ್ನೆ ಹೋದೆವು. ಬಲಗೈ ಹೆಬ್ಬೆರಳಿಗೆ ಉಳಿದ ಬೆರಳುಗಳನ್ನು ಒಂದೊಂದಾಗಿ ತಾಗಿಸು ಎಂದರು. ತೊಡೆಯ ಮೇಲಿದ್ದ ಎಡಗೈಯೂ ಅದನ್ನೇ ಮಾಡತೊಡಗಿತು. ನಾನು ಗದರಲು ಹೋದೆ.

“ಬೈಬೇಡಿ ಅಮ್ಮ. ಅವಳು ಮಾಡ್ತಿಲ್ಲ, ಅದು ತಾನಾಗೇ ಆಗ್ತಿದೆ” ಅಂದರು ಡಾಕ್ಟರು.

ಒಂದು ಕೈ ಮಾಡಿದ್ದನ್ನು ಇನ್ನೊಂದೂ ಮಾಡುವುದು ಚಿಕ್ಕ ಮಕ್ಕಳಲ್ಲಿ ಸಹಜವಂತೆ, ಒಂಬತ್ತು ವರ್ಷಕ್ಕೆ ಇದು ಕಡಿಮೆಯಾಗಿರಬೇಕಿತ್ತಂತೆ. ಇದೊಂದರಿಂದಲೇ ಏನೂ ಹೇಳಲಾಗದು, ಇನ್ನೂ ನೋಡುವುದಿದೆಯಂತೆ.

ದಯವಿಟ್ಟು ನಾಳೆಯಿಂದ ಅವಳ ಎರಡೂ ಕೈ ಮೇಜಿನ ಮೇಲಿರಲು ಬಿಡಿ. ಬರೆಯಲು ಸ್ವಲ್ಪ ಹೆಚ್ಚು ಹೊತ್ತು ಕೊಡಿ. ನಗುವವರಿಗೆ ಒಂದು ಮಾತು ಹೇಳಿ.

ಇವತ್ತು ಬೆಳಿಗ್ಗೆ ಆ ಜೇಬನ್ನು ಬಿಚ್ಚಿದೆ. ಒಳಗಿನ ಬಟ್ಟೆಯೆಲ್ಲ ಅವಳ ಉಗುರಿಗೆ ಸಿಕ್ಕಿ ಚಿಂದಿಯಾಗಿತ್ತು. ಹೊರಗಿನಿಂದ ಏನೂ ಗೊತ್ತಾಗುವಂತಿರಲಿಲ್ಲ, ಮಿಸ್. ಅಷ್ಟು ಅಚ್ಚುಕಟ್ಟಾಗಿ ಹೊಲಿದಿದ್ದೆ.

ಇಂತಿ,
ಜೇಬು ಹೊಲಿದವಳು